ಹದಿನೇಳನೇ ಪುಟದಲ್ಲಿರುವ ಕೈ

ಅಕ್ಕಾ,

ನೀನು ಇದನ್ನು ಓದುವುದಿಲ್ಲ. ಆದರೂ ಇವತ್ತು ತರಗತಿಯಲ್ಲಿ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಏಳನೇ ತರಗತಿಗೆ ಬೆಳಕಿನ ಪಾಠವಿತ್ತು. ಸ್ಟೀಲ್ ಬಟ್ಟಲಿನಲ್ಲಿ ಅಂಗಿಯ ಗುಂಡಿಯೊಂದನ್ನು ಇಟ್ಟು, ಅದು ಕಣ್ಣಿಗೆ ಮರೆಯಾಗುವಷ್ಟು ದೂರಕ್ಕೆ ಮಕ್ಕಳನ್ನು ಸರಿಸಿ, ಮೆಲ್ಲಗೆ ನೀರು ಸುರಿದೆ.

"ಬಂತು ಟೀಚರ್, ಗುಂಡಿ ಕಾಣಿಸ್ತು!" ಎಂದು ಎಲ್ಲರೂ ಕುಣಿದಾಡಿದರು.

ಹನ್ನೊಂದು ವರ್ಷ ನಾವಿಬ್ಬರೂ ಹಳೆಯ ಶಾಲೆಯ ಲ್ಯಾಬಿನಲ್ಲಿ ಒಂದೇ ಮೇಜಿನ ಮುಂದೆ ಕೂತು ಹೊಂದಿಸಿದ ಪ್ರಯೋಗಗಳಲ್ಲಿ ಇದೂ ಒಂದು. ಪುಸ್ತಕ ಮಾಡೋಣ ಎಂದು ನೀನು ಅಂದಾಗಲೆಲ್ಲ, ಆಮೇಲೆ ನೋಡೋಣ ಎಂದವಳು ನಾನೇ.

ಮುಂದಿನ ಬೆಂಚಿನ ಹುಡುಗಿ ನಿನ್ನ ಹೊಸ ಪುಸ್ತಕದ ಹದಿನೇಳನೇ ಪುಟ ತೆರೆದು ತೋರಿಸಿದಳು. ಅದೇ ಬಟ್ಟಲು, ನೀರು ಸುರಿಯುತ್ತಿರುವ ಒಂದು ಕೈ. ಮುಖ ಬರದಂತೆ ಫೋಟೊ ಕತ್ತರಿಸಿದ್ದೀಯ.

"ಟೀಚರ್, ಈ ಸುಟ್ಟ ಕಲೆ ನಿಮ್ಮ ಕೈಯಲ್ಲೂ ಇದ್ಯಲ್ಲಾ?"

"ಅದು ನನ್ನದೇ ಕೈ ಕಣಮ್ಮಾ."

ಮುನ್ನುಡಿ ತಿರುವಿದೆ. ಲ್ಯಾಬಿನ ಬೀಗ ತೆಗೆದುಕೊಡುತ್ತಿದ್ದ ಜವಾನನನ್ನೂ ಮರೆಯದೆ ನೆನೆದಿದ್ದೀಯ. ನನ್ನ ಹೆಸರು ಎಲ್ಲೂ ಇಲ್ಲ.

"ಹಾಗಾದ್ರೆ ಇದನ್ನ ಬರೆದವರು ನಿಮಗೆ ಗೊತ್ತಾ ಟೀಚರ್?"

ಇಡೀ ತರಗತಿ ನನ್ನ ಮುಖವನ್ನೇ ನೋಡುತ್ತಿತ್ತು.

"ಗೊತ್ತು ಅಂದ್ಕೊಂಡಿದ್ದೆ" ಎಂದೆ.