ಅಳಿಯನ ಪಾಲಿನ ಕೊಬ್ಬು

ಆಂಟಿಗೋ, ವಿಸ್ಕಾನ್ಸಿನ್
ಡಿಸೆಂಬರ್ 5, 2003

ಮಗಳೇ ಟ್ರೂಡಿ,

ಅಪ್ಪನ ಕೈಬರಹ ಕಂಡು ಗಾಬರಿಯಾಗಬೇಡ, ಇಲ್ಲಿ ಯಾರೂ ಸತ್ತಿಲ್ಲ. ಈ ಸಲ ಬೇಟೆಯಲ್ಲಿ ನನಗೆ ಎರಡು ಜಿಂಕೆ ಸಿಕ್ಕವು. ಮಂಡಿನೋವು ಬಿಟ್ಟರೆ ಸುಖವಾಗಿದ್ದೇನೆ.

ಕ್ರಿಸ್‌ಮಸ್‌ಗೆ ಸೆನಾದನನ್ನು ಕರೆತರುತ್ತೀಯೆಂದು ನಿಮ್ಮಮ್ಮ ಹೇಳಿದಳು. ನಿಮ್ಮ ಮದುವೆಯಾಗಿ ವರ್ಷವಾಯಿತು, ನಾನಿನ್ನೂ ಅಳಿಯನ ಕೈ ಕುಲುಕಿಲ್ಲ. ವರ್ಷದ ಬೇಟೆ ಶುರುವಾಗುವ ಶನಿವಾರವೇ ಮದುವೆ ಇಟ್ಟುಕೊಂಡರೆ ಯಾವ ಅಪ್ಪ ತಾನೇ ಬಂದಾನು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಊರೂ ಒಪ್ಪಿತು. ನೀನು ಒಪ್ಪಲಿಲ್ಲ.

ಅವನು ತನ್ನ ಧರ್ಮದಂತೆ ಹಂದಿಯೊಂದನ್ನು ಬಿಟ್ಟು ಎಲ್ಲ ತಿನ್ನುತ್ತಾನಂತೆ. ನಮ್ಮ ಜಿಂಕೆ ಸಾಸೇಜಿನಲ್ಲೋ ಅಜ್ಜನ ಕಾಲದಿಂದ ಅರ್ಧಕ್ಕರ್ಧ ಹಂದಿ. ಜಿಂಕೆಯ ಸ್ವಂತ ಕೊಬ್ಬು ಅಂಗುಳಿಗೆ ಅಂಟುತ್ತದೆ, ಕೆತ್ತಿ ಎಸೆಯಬೇಕು. ಬೇರೇನೂ ಬೆರೆಸದಿದ್ದರೆ ಮರದ ಹೊಟ್ಟು ತಿಂದ ಹಾಗೆ. "ಅವ್ನಿಗೆ ಬೇರೆ ಕೋಳಿ ಬೇಯಿಸ್ತೀನಿ ಬಿಡ್ರೀ" ಅಂದಳು ನಿಮ್ಮಮ್ಮ. ನನಗೆ ಮನಸ್ಸೊಪ್ಪಲಿಲ್ಲ. ಒಂದೇ ಮೇಜಿನಲ್ಲಿ ನಮಗೊಂದು ಊಟ, ಅಳಿಯನಿಗೊಂದು ಊಟವೆಂದರೆ ಕರೆದೂ ಕರೆಯದ ಹಾಗೆ.

ಮೊದಲು ದನದ ಗಟ್ಟಿ ಕೊಬ್ಬು ಬೆರೆಸಿ, ಒಂದು ಬಿಲ್ಲೆ ಹುರಿದು ನೋಡಿದೆ. ಪಕ್ಕದ ಮನೆಯ ಎಲ್ಮರ್ ಒಂದು ತುತ್ತು ಬಾಯಿಗಿಟ್ಟು, "ನಾರ್ಬರ್ಟ್, ಇದಕ್ಕೊಂದು ಬತ್ತಿ ಸಿಗ್ಸಿ ದೀಪ ಹಚ್ಚೋ ಮಾರಾಯ" ಅಂದ. ಆಮೇಲೆ ದನದ ಎದೆಯ ಮಾಂಸವನ್ನು ಕೊಬ್ಬಿನ ಸಮೇತ ಮೂರನೇ ಒಂದು ಪಾಲು ಹಾಕಿದೆ. ಅದು ಹದವಾಗಿ ಬಂತು, ರಸ ತೊಟ್ಟಿಕ್ಕಿತು. ಎಲ್ಮರ್ ಇನ್ನೊಂದಕ್ಕೆ ಕೈಚಾಚಿದ. ಹಂದಿಯ ಸೋಂಕೂ ಇರಬಾರದೆಂದು ಅರೆಯುವ ಯಂತ್ರವನ್ನು ಮೂರು ಸಲ ಕುದಿನೀರಿನಲ್ಲಿ ತೊಳೆದೆ, ಹೊಸ ಚಾಕು ಕೊಂಡೆ. ಮೂವತ್ತು ಪೌಂಡ್ ಅರೆದ ಮಾಂಸ ಕರುಳಿಗೆ ತುಂಬಿ, ಗಂಟು ಕಟ್ಟಿ, ಎದೆಯುಬ್ಬಿಸಿ ನಿಂತಿದ್ದೆ. ನಿಮ್ಮಮ್ಮ ಬಂದು, "ಅಲ್ರೀ, ಯಾವ ಕರುಳಿಗೆ ತುಂಬಿದೀರಿ?" ಅಂದಳು.

ಹಂದಿ ಕರುಳಿಗೆ! ನಲವತ್ತು ವರ್ಷ ಅದಕ್ಕೇ ತುಂಬಿದ ಕೈ, ಯೋಚಿಸಲೇ ಇಲ್ಲ. ನಿಮ್ಮಮ್ಮ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. "ನಾವು ಬಾಯ್ಬಿಡದಿದ್ರೆ ಅವ್ನಿಗೆ ಹೆಂಗೆ ಗೊತ್ತಾಗುತ್ತೋ?" ಅಂದ ಎಲ್ಮರ್. ನನಗೆ ಗೊತ್ತಿರುತ್ತದಲ್ಲ! ಅಷ್ಟನ್ನೂ ಎಲ್ಮರನ ಮನೆಗೇ ಸಾಗಿಸಿ, ಎರಡನೇ ಜಿಂಕೆಯ ಮಾಂಸ ಹೊರತೆಗೆದು, ಕುರಿ ಕರುಳು ತರಿಸಿ ಮೊದಲಿನಿಂದ ಶುರುಮಾಡಿದೆ. ಕುರಿ ಕರುಳು ತೆಳು, ಹತ್ತು ಸಲ ಹರಿಯಿತು, ಹತ್ತು ಸಲ ಬೈದೆ. ಈಗ ಹೊಗೆ ಹಿಡಿಸುವ ಗೂಡಿನಲ್ಲಿ ಸಾಲಾಗಿ ತೂಗುತ್ತಿವೆ, ಮನೆ ತುಂಬ ಬೆಳ್ಳುಳ್ಳಿಯ ಪರಿಮಳ. ಈ ವರ್ಷ ನಮ್ಮೆಲ್ಲರಿಗೂ ಇದೊಂದೇ ಸಾಸೇಜು. ನನಗಂತೂ ಖುಷಿಯಾಗಿದೆ.

ಇಬ್ಬರೂ ಬನ್ನಿ.

ನಿನ್ನ ಅಪ್ಪ,
ನಾರ್ಬರ್ಟ್

ತಾ.ಕ.: ಆ ಶನಿವಾರ ನಾನು ಕಾಡಿಗೆ ಹೋಗಿರಲಿಲ್ಲ. ಇದು ನಿಮ್ಮಮ್ಮನಿಗೂ ಗೊತ್ತಿಲ್ಲ. ಅವಳು ಮದುವೆಗೆಂದು ಬಸ್ಸು ಹತ್ತಿದ ಮೇಲೆ ಸೂಟು ಹಾಕಿಕೊಂಡು ಮಿಲ್ವಾಕಿಗೆ ಬಂದು, ಮದುವೆಯ ಸಭಾಂಗಣದ ಎದುರು ಕಾರಿನಲ್ಲಿ ಎರಡು ಗಂಟೆ ಕೂತಿದ್ದೆ. ನೀವು ಹೊರಗೆ ಬಂದಿರಿ. ನಿನ್ನ ಉಡುಪಿನ ಅಂಚಿಗೆ ಕೆಸರು ತಾಗದಂತೆ ಅವನು ಅದನ್ನು ಎರಡು ಕೈಯಲ್ಲೂ ಎತ್ತಿ ಹಿಡಿದಿದ್ದ. ಹುಡುಗ ಒಳ್ಳೆಯವನು ಎಂದು ನನಗೆ ಆಗಲೇ ಗೊತ್ತಾಗಿತ್ತು, ಕಾರಿನಿಂದ ಇಳಿಯಲು ಮಾತ್ರ ಆಗಲಿಲ್ಲ. ತಪ್ಪಾಯಿತು, ಮಗಳೇ.