ರಂಜನಾ ಆರ್ಗನ್ ತುಳಿದಳು

ತಮ್ಮ ದೇವಾನಂದನಿಗೆ,

ಸಯನ್‌ನಲ್ಲಿ ಮಗನ ಮನೆಯಲ್ಲಿ ಆರಾಮಾಗಿದ್ದೇನೆ, ಮಂಡಿನೋವು ಇಳಿದಿದೆ. ಮೊಮ್ಮಗಳು ರಂಜನಾ ಬೇಸಿಗೆ ರಜೆಯಲ್ಲಿ ಒಂದು ಚರ್ಚಿನಲ್ಲಿ ಪೈಪ್ ಆರ್ಗನ್ ಕಲಿಯುವ ಶಿಬಿರಕ್ಕೆ ಹೋಗುತ್ತಾಳೆ. ಗೋಡೆಯೆತ್ತರದ ಕೊಳವೆಗಳ ವಾದ್ಯ ಅದು. ಕೈಯಿಂದ ಬಾರಿಸುವುದಲ್ಲದೆ ಕೆಳಗಿನ ಮರದ ಪಟ್ಟಿಗಳನ್ನು ಕಾಲಿನಿಂದಲೂ ಒತ್ತಬೇಕು.

ನಿನ್ನೆ ನಾನೂ ಹೋಗಿದ್ದೆ. ಹುಡುಗಿ ಕಾಲು ಮಡಚಿಕೊಂಡು ಕೂತುಬಿಟ್ಟಿದ್ದಳು. ಕಾಲಿಡದಿದ್ದರೆ ಭಾನುವಾರದ ಕಾರ್ಯಕ್ರಮಕ್ಕೆ ಸೇರಿಸುವುದಿಲ್ಲ ಎಂದು ಟೀಚರ್ ಹೇಳಿದ್ದರಂತೆ.

"ಅಜ್ಜಿ, ವಾದ್ಯಕ್ಕ ಪೈರ್ ಕೈಸೇ ಲಗಾವೂಂ, ಕಾಲು ಹೆಂಗ ಹಚ್ಚಲಿ? ಪಾಪ ಬರ್ತದ ಅಂತ ನೀನಽ ಹೇಳಿದ್ದಿ ನಾ?" ಎಂದು ಕಣ್ಣು ತುಂಬಿಕೊಂಡಳು.

"ಹುಚ್ಚಿ, ನಮ್ಮಪ್ಪನ ಹಾರ್ಮೋನಿಯಂ ಪೇಟಿನೂ ಕಾಲಿಲೆ ತುಳದಽ ನುಡಸೂದಿತ್ತು. ಅಂವ ಮೊದಲ ಮುಟ್ಟಿ ನಮಸ್ಕಾರ ಮಾಡ್ತಿದ್ದ. ನೀನೂ ಮಾಡಿ ಕಾಲಿಡು," ಎಂದೆ.

ಬಗ್ಗಿ ಪಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕಾಲಿಟ್ಟಳು. ಎಂಥ ನಾದ, ತಮ್ಮಾ! ನಾನು ಕೂತ ಬೆಂಚೇ ನಡುಗಿತು. ಅಪ್ಪ ನುಡಿಸುವಾಗ ನಾವಿಬ್ಬರೂ ಪೇಟಿಗೆ ಬೆನ್ನು ಹಚ್ಚಿ ಕೂಡುತ್ತಿದ್ದೆವಲ್ಲ, ಅದೇ ನಡುಕ ಬೆನ್ನಿಗೆ ಬಂತು. ನೀನು ಪಕ್ಕದಲ್ಲೇ ಇದ್ದೀಯೆಂದು ತಿರುಗಿ ನೋಡಿಬಿಟ್ಟೆ.

ಕಾಗದದಲ್ಲಿ ಜಾಗ ಮುಗಿಯಿತು.
ನಿನ್ನ ಇಂದ್ರಕ್ಕ