ಅತ್ತೆಯ ಕೈಯಳತೆ

ಹಡಗಲಿ, ೨೧ ಆಗಸ್ಟ್ ೧೯೯೯, ಶನಿವಾರ

ಸಿಟ್ಟು ಇಳಿಯುತ್ತಲೇ ಇಲ್ಲ! ಉದ್ಯಾನ ವಿನ್ಯಾಸಕಾರರ ಸಂಘದ ಪತ್ರಿಕೆ ಇವತ್ತು ಅಂಚೆಯಲ್ಲಿ ಬಂತು. ಕೂಡ್ಲಿಗಿ ಪಾರ್ಕಿನ ನಕ್ಷೆಗೆ ಬಹುಮಾನವಂತೆ. ನಕ್ಷೆ ಬರೆದು ಕಳಿಸಿದ್ದು ನನ್ನ ಮುದ್ದು ಗಂಡ ಕಾಂತೇಶ್, ಅಚ್ಚಾದ ಹೆಸರು ಸಂಘದ ಅಧ್ಯಕ್ಷರದು! ಮಲ್ಲಿಗೆ ಸಾಲುಗಳ ನಡುವಿನ ಅಂತರ ಅವರ "ವರ್ಷಗಳ ಸಂಶೋಧನೆ"ಯಂತೆ. ಸುಳ್ಳು! ನಡುವೆ ನಿಂತವರಿಗೆ ಎರಡೂ ಸಾಲಿನ ಹೂ ಎಟುಕಬೇಕೆಂದು, ದಿನಾ ಹೂ ಬಿಡಿಸುವ ಅತ್ತೆಯ ಕೈ ಚಾಚಿಸಿ ಟೇಪು ಹಿಡಿದವಳು ನಾನೇ, ಮದುವೆಯಾದ ಎಂಟನೇ ದಿನ.

"ಬಿಡಲೇ ಪುಷ್ಪಾ, ಗಿಡ ಹಚ್ಚಿದ್ರ ಸಾಕು" ಎಂದು ಇವರು ನಕ್ಕರು. ಆ ನಗುವಿಗೆ ಯಾವತ್ತೂ ಸೋಲುವವಳು, ಇವತ್ತು ಸೋಲಲಿಲ್ಲ. ಓದಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಮಾತು: "ನನ್ನ ಕೈಯಳತಿ ಅವ್ರಿಗೆ ಯಾರು ಕೊಟ್ರವ್ವ?"

ಅದನ್ನೇ ಇಂಗ್ಲಿಷಿನಲ್ಲಿ ಸಂಘಕ್ಕೆ ಬರೆದಿದ್ದೇನೆ. ಕೆಳಗೆ ಅತ್ತೆಯ ಹೆಬ್ಬೆಟ್ಟು. ಇವರಿಗೆ ಇನ್ನೂ ಹೇಳಿಲ್ಲ, ಬೆಳಿಗ್ಗೆ ಅಂಚೆಗೆ ಹಾಕಿದ ಮೇಲೆ...